ಪಾರ್ಕಿನ ಪ್ಲಾನ್ ಮೊದಲೇ ತೋರಿಸಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ದೊಡ್ಡ ಹೊಂಗೆ ಮರ ಇದೆ. ಈಚೆಗೆ ಅದರ ಬುಡದವರೆಗೂ ಟೈಲ್ಸ್ ಹಾಕಿದ್ದಾರೆ. ನೀರು ಇಳಿಯಲು ಅಂಗೈಯಗಲ ಮಣ್ಣೂ ಉಳಿದಿಲ್ಲ. ನೆರಳಲ್ಲಿದ್ದ ಕಲ್ಲುಬೆಂಚನ್ನು ಕಿತ್ತು ಬಿಸಿಲಿಗೆ ಹಾಕಿದ್ದಾರೆ. ಮಧ್ಯಾಹ್ನ ಅಲ್ಲಿ ಬುತ್ತಿ ಬಿಚ್ಚುತ್ತಿದ್ದ ಪೌರಕಾರ್ಮಿಕ ಮಹಿಳೆಯರು ಈಗ ಗೇಟಿನ ಹೊರಗೆ ಫುಟ್‌ಪಾತಿನಲ್ಲಿ ಕೂರುತ್ತಾರೆ. ಅವರಲ್ಲಿ ಒಬ್ಬರನ್ನು ಕೇಳಿದ್ದರೂ ಹೀಗಾಗುತ್ತಿರಲಿಲ್ಲ, ಅಲ್ವಾ? ವಿಚಾರಿಸಿದರೆ ‘ಪ್ಲಾನ್ ಪಾಸಾಗಿದೆ’ ಎಂಬ ಉತ್ತರ ಅಷ್ಟೇ.

ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ 2021ರಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಸುತ್ತಲಿನ ಜನ ಬೀದಿಗಿಳಿದರು. ಕಾಡು ಕಾಡಾಗಿಯೇ ಇರಲಿ ಎಂದರು. ಯೋಜನೆ ನಿಂತಿತು. ಆದರೆ ಪ್ರತಿ ಸಲ ಫಲಕ ಹಿಡಿದೇ ಹೇಳಬೇಕಾ?

3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ. ಪಾರ್ಕಿನ ಮುಂದಿನ ಹತ್ತು ವರ್ಷದ ಯೋಜನೆಯನ್ನು ಅಲ್ಲಿಗೆ ತನ್ನಿ. ನಕ್ಷೆಯನ್ನು ಕನ್ನಡದಲ್ಲಿ ಬರೆದು ಒಂದು ತಿಂಗಳು ಗೇಟಿಗೆ ಹಾಕಿ. ಸಭೆ ಭಾನುವಾರ ಬೆಳಿಗ್ಗೆ ಇಡಿ, ಪಾರ್ಕಿನಲ್ಲೇ. ವಾಕಿಂಗ್ ಬರುವ ನಮ್ಮಂಥವರನ್ನಷ್ಟೇ ಕರೆಯಬೇಡಿ (ನಮ್ಮದು ಗಲಾಟೆ ಜಾಸ್ತಿ, ಒಪ್ಪುತ್ತೇನೆ). ಮಾಲಿಯನ್ನೂ ಕ್ರಿಕೆಟ್ ಆಡುವ ಹುಡುಗರನ್ನೂ ಬುತ್ತಿ ತರುವ ಹೆಂಗಸರನ್ನೂ ಕೂರಿಸಿ.

ಸದ್ಯಕ್ಕೆ ಆ ಹೊಂಗೆಯ ಬುಡದ ಟೈಲ್ಸ್ ಆದರೂ ತೆಗೆಸಿ. ಮಳೆಗಾಲಕ್ಕೆ ಮುಂಚೆ.

– ಒಬ್ಬ ನಿವಾಸಿ, ಬೆಂಗಳೂರು