ಬೀಗ ಹಾಕಿದ್ದ ಆ ಮನೆ

ಪುಟ್ಟಿ,

ಪೋಲಿಯೋ ಹನಿ ಹಾಕೋಕೆ ಮನೆಮನೆಗೆ ಹೋಗಿದ್ದರ ಬಗ್ಗೆ ನೀನು ಬರೆದ ಪತ್ರ ಬಂದು ನಾಲ್ಕು ದಿನ ಆಯ್ತು, ಒಂದು ಸಾಲು ಮಾತ್ರ ತಲೆಯಿಂದ ಹೋಗ್ತಾ ಇಲ್ಲ. "ಬೀಗ ಹಾಕಿದ್ದ ಮನೆಗೆ ಆಮೇಲೆ ಹೋಗೋಣ ಅಂದ್ಕೊಂಡು ಮರೆತೇಬಿಟ್ಟೆ ದೊಡ್ಡಪ್ಪ, ಆ ಮಗೂಗೆ ಏನಾದ್ರೂ ಆದ್ರೆ?" ಏನೂ ಆಗಲ್ಲ ಬಿಡು ಅಂತ ಬರೆಯೋಕೆ ಕೂತೆ, ಕೈ ಓಡ್ಲಿಲ್ಲ.

ನಂದೂ ಅಂಥದ್ದೊಂದಿದೆ ಕಣಮ್ಮ, ನಿಮ್ಮಪ್ಪಂಗೂ ಹೇಳಿಲ್ಲ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾಯ್ತಲ್ಲ, ಅದಾಗಿ ಎರಡ್ಮೂರು ವರ್ಷಕ್ಕೆ, ನಾನು ಹನಿ ಹಾಕೋ ಕೆಲಸಕ್ಕೆ ಕೈಜೋಡಿಸೋ ರೋಟರಿ ಕ್ಲಬ್ ಸೇರಿದ್ದ ಹೊಸದ್ರಲ್ಲಿ, ಮಂಡ್ಯದ ಹತ್ರ ಗದ್ದೆ ಬದಿಯಲ್ಲಿ ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ಬಂದಿದ್ದವ್ರ ಗುಡಿಸಲಿದ್ವು. ಕತ್ತಲಾಗಿತ್ತು, ಲಸಿಕೆ ಡಬ್ಬಿಯಲ್ಲಿ ಐಸೂ ಕರಗಿತ್ತು, ಬೆಳಿಗ್ಗೆ ಬರೋಣ ಅಂದೆ. ಬೆಳಿಗ್ಗೆ ಹೋದ್ರೆ ಒಲೆಯ ಮೂರು ಕಲ್ಲು, ಒಂದಿಷ್ಟು ಸೋಗೆ, ಅಷ್ಟೇ. ಬೇವಿನ ಮರಕ್ಕೆ ಕಟ್ಟಿದ್ದ ಸೀರೆ ಜೋಲಿನೂ ಬಿಚ್ಕೊಂಡು ಹೋಗಿದ್ರು. ಹಿಂದಿನ ಸಂಜೆ ಅದ್ರಲ್ಲಿ ಮಗು ಮಲಗಿದ್ದನ್ನ ನಾನೇ ನೋಡಿದ್ದೆ.

ಏನಾಯ್ತೋ ಇವತ್ತಿಗೂ ಗೊತ್ತಿಲ್ಲ. ಈ ಕಾಯಿಲೆ ಮೋಸನೇ ಅದು, 200 ಜನಕ್ಕೆ ಸೋಂಕು ತಗುಲಿದ್ರೆ ಕೈಕಾಲು ಸ್ವಾಧೀನ ತಪ್ಪೋದು ಹೆಚ್ಚುಕಮ್ಮಿ ಒಬ್ಬರಿಗೆ, ಮಿಕ್ಕವರು ಆಡ್ಕೊಂಡೇ ಇರ್ತಾರೆ, ಹರಡ್ತಾನೂ ಇರ್ತಾರೆ. ಹಂಗಾಗಿ ನಿನ್ನ ಭಯ ಸುಳ್ಳು ಅಂತ ನಾನು ಹೇಳಲ್ಲ.

ಆದ್ರೆ "ಎಲ್ರೂ ಮಾಡಿದ್ದನ್ನ ನಾನು ಹಾಳು ಮಾಡಿದ್ನಾ" ಅಂತ ಬರ್ದಿದ್ದೀಯಲ್ಲ, ಅದು ಬೇಡ ಮಗಳೇ. 1979ರಲ್ಲಿ ರೋಟರಿಯವ್ರು ಫಿಲಿಪೈನ್ಸ್‌ನಲ್ಲಿ 60 ಲಕ್ಷ ಮಕ್ಕಳಿಗೆ ಹನಿ ಹಾಕ್ಸೋಕೆ ಹೊರಟ್ರು, 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಜೊತೆಯಾದಾಗ ಪ್ರಪಂಚದಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಮಕ್ಕಳಿಗೆ ಆಗ್ತಿತ್ತು. ಅಷ್ಟೆಲ್ಲ ಓಡಾಡಿದ್ಮೇಲೂ 2009ರಲ್ಲಿ ನಮ್ಮ ದೇಶದಲ್ಲೇ 741 ಕೇಸು. ಎಷ್ಟು ಮನೆ ಬಿಟ್ಟುಹೋಗಿರ್ಬೇಕು ಹೇಳು! ಮತ್ತೆ ಹೋದ್ರು, ರೈಲಲ್ಲಿ ಬಸ್‌ಸ್ಟ್ಯಾಂಡಲ್ಲಿ ಕಂಡ ಕಂಡ ಮಕ್ಕಳಿಗೆ ಹಾಕಿದ್ರು. 2011ರ ಜನವರಿ 13ಕ್ಕೆ ಪಶ್ಚಿಮ ಬಂಗಾಳದ ಹೌರಾದ ಒಂದು ಹೆಣ್ಣುಮಗು, ನಮ್ಮ ದೇಶದಲ್ಲಿ ಅದೇ ಕೊನೆ ಕೇಸು. 2014ರ ಮಾರ್ಚ್‌ನಲ್ಲಿ ಪೋಲಿಯೋ ಹೋಯ್ತು ಅಂತ ಸರ್ಟಿಫಿಕೇಟ್ ಬಂತು, ಕ್ಲಬ್ಬಲ್ಲಿ ಸ್ವೀಟ್ ಹಂಚಿದ್ರು, ನಂಗೆ ಆ ಜೋಲಿನೇ ಕಣ್ಮುಂದೆ. ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಇನ್ನೂ ಹೋಗಿಲ್ಲ, ಅದಕ್ಕೇ ನೀವಿನ್ನೂ ಬಾಗಿಲು ತಟ್ತಾ ಇರೋದು.

ಉಪಾಯ ಹೇಳು ಅಂದ್ರೆ ನಂಗೇನು ಗೊತ್ತು, ನಾನೇ ತಪ್ಪು ಮಾಡಿದೋನು. ಹನಿ ಹಾಕೋದು ಬಾಕಿ ಇದೆ ಅಂತ ಗೋಡೆ ಮೇಲೆ ಎಕ್ಸ್ ಗುರುತು ಹಾಕಿದ್ಯಾ? ಹಾಕಿದ್ರೆ ಬೇರೆ ಟೀಮ್ ಹೋಗಿರ್ಬಹುದು. ಇಲ್ಲಾಂದ್ರೆ ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳ್ಬಿಡು, ಬಯ್ದ್ರೆ ಬಯ್ಸ್ಕೋ. ಆ ಕೂಲಿಯವ್ರ ಮೇಸ್ತ್ರಿ ಊರು ಯಾವ್ದು ಅಂತ ನಂಗೆ ಗೊತ್ತಿತ್ತು, ಅಲ್ಲಿನ ಆಸ್ಪತ್ರೆಗೆ ಒಂದು ಕಾಗದ ಹಾಕ್ಬಹುದಿತ್ತು, ನಾಚಿಕೆಗೆ ಬಾಯಿ ಮುಚ್ಕೊಂಡಿದ್ದೆ. ಮನೆ ಬಿಟ್ಟಿದ್ದಕ್ಕಿಂತ ಅದೇ ನಂಗೆ ಜಾಸ್ತಿ ಕೊರಿಯೋದು.

ಸಂಜೆ ಏಳರ ಮೇಲೆ ಹೋಗಿ ನೋಡು, ಕೆಲಸಕ್ಕೆ ಹೋದವ್ರು ಬಂದಿರ್ತಾರೆ. ಮಗು ಸಿಕ್ಕಿದ್ರೆ ಎಷ್ಟೊತ್ತಾದ್ರೂ ಫೋನ್ ಮಾಡು, ನಾನು ಎದ್ದಿರ್ತೀನಿ.

ನಿನ್ನ ದೊಡ್ಡಪ್ಪ