ಪುಟ್ಟಿ, ಮೆಸೇಜ್ ಕಳಿಸೋ ಮುಂಚೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ನೀನು ಮುಖ ಊದಿಸಿಕೊಂಡೇ ಮಾತಾಡಿದೆ ಅಂತ ಫೋನಿನಲ್ಲೇ ಗೊತ್ತಾಯಿತು. ಗೆಳತಿಯ ಕಥೆ ಪತ್ರಿಕೆಯಲ್ಲಿ ಬಂದಿದೆ, ನಿನಗೆ ಒಂದು ಮಾತೂ ಹೇಳಿಲ್ಲ, ಸಾಲದ್ದಕ್ಕೆ ಕಥೆಯ ತುಂಬ ನಿಮ್ಮ ಹಾಸ್ಟೆಲ್ ರೂಮೇ ಇದೆ. ಅವಳಿಗೆ ಇನ್ನೂ ಮೆಸೇಜ್ ಕಳಿಸಿಲ್ಲ ತಾನೇ? ಸ್ವಲ್ಪ ತಡಿ.

ನನಗೂ ಹೀಗೇ ಆಗಿತ್ತು. ಯಶವಂತಪುರದಲ್ಲಿ ಮಂಗಳೂರಿನ ಹಗಲು ರೈಲು ಹತ್ತುವಾಗ ಸುಮ್ನೆ ಒಂದು ಮಾಸಪತ್ರಿಕೆ ತಗೊಂಡಿದ್ದೆ. ಹಾಸನ ದಾಟುವವರೆಗೂ ಎದುರು ಸೀಟಿನವರ ಮಗಳ ಮದುವೆ ಕಥೆ ಕೇಳುತ್ತಾ, ಅವರು ಕೊಟ್ಟ ಚಕ್ಕುಲಿ ತಿನ್ನುತ್ತಾ ಕೂತಿದ್ದೆ. ಸಕಲೇಶಪುರದಲ್ಲಿ ಪತ್ರಿಕೆ ಬಿಡಿಸಿದರೆ ಒಂದು ಪ್ರಬಂಧ. ಇಬ್ಬರು ಹುಡುಗಿಯರು ಒಂದೇ ಕೊಡೆಯಲ್ಲಿ ಶಾಲೆಗೆ ಹೋಗುತ್ತಾರೆ, ಹಿಡಿದವಳು ಕೊಡೆಯನ್ನು ಪೂರ್ತಿ ತನ್ನ ಕಡೆಗೇ ವಾಲಿಸಿಕೊಳ್ಳುತ್ತಾಳೆ. ಅರೆ, ಇದು ನನ್ನ ಕೊಡೆ ಅಲ್ವಾ ಅಂತ ಹೆಸರು ನೋಡಿದರೆ, ಶಾಲೆಗೆ ಜೊತೆಗೆ ಹೋಗುತ್ತಿದ್ದ ಗೆಳತಿ, ನಮ್ಮವಳೇ! ಮತ್ತೆ ವಾಲಿಸಿಕೊಂಡವಳು ನಾನಂತೆ.

ಮೈಯೆಲ್ಲ ಉರಿಯಿತು. ಬೈಯೋಣ ಅಂದರೆ ಫೋನಿಗೆ ಸಿಗ್ನಲ್ ಇಲ್ಲ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿ.ಮೀ. ಘಾಟಿ, 57 ಸುರಂಗ. ಬೋಗಿಯ ಲೈಟು ಯಾರೋ ಆರಿಸಿದ್ದರು, ಸುರಂಗ ಬಂದಾಗೆಲ್ಲ ಅಕ್ಷರ ಮಾಯ, ಹೊರಗೆ ಬಂದ ಮೇಲೆ ಬೆರಳಿಟ್ಟ ಸಾಲನ್ನು ಮತ್ತೆ ಮೊದಲಿಂದ ಓದಬೇಕು. ಹಾಗೆ ಓದಿ ಓದಿ ಎಡಕುಮೇರಿ ಹೊತ್ತಿಗೆ ಸಿಟ್ಟಲ್ಲಿ ಹಾರಿಸಿದ್ದ ಒಂದು ಸಾಲು ಕಣ್ಣಿಗೆ ಬಿತ್ತು. ಶಾಲೆ ಮುಟ್ಟಿದ ಮೇಲೆ, ಒದ್ದೆಯಾಗದ ಹುಡುಗಿ ತನ್ನ ಲಂಗದ ತುದಿಯಲ್ಲಿ ಇನ್ನೊಬ್ಬಳ ಸ್ಲೇಟು ಒರೆಸಿ ಕೊಡುತ್ತಾಳೆ. ನನಗದು ಮರೆತೇ ಹೋಗಿತ್ತು ಪುಟ್ಟಿ. ಅವಳು ನಲವತ್ತು ವರ್ಷ ಇಟ್ಟುಕೊಂಡಿದ್ದಳು.

ನೀನೂ ಇನ್ನೊಂದು ಸಲ ಓದು. ಆಮೇಲೆ ಬರಿ. ‘ಸೂಪರ್ ಕಣೇ’ ಅಂತ ಹಾರ್ಟ್ ಹಾಕಿ ಕೈತೊಳೆದುಕೊಳ್ಳಬೇಡ, ಹಿಡಿಸಿದ ಒಂದು ಸಾಲು ಹೇಳು. ರೂಮಿನ ಜಗಳ ಎದುರಿಗೆ ಸಿಕ್ಕಾಗ ಮಾಡಿಕೊಳ್ಳಿ. ಯಾಕೆ ಹೇಳಲಿಲ್ಲ ಅಂತೀಯಲ್ಲ, ಕಥೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕು ಕಣೇ, ಊರಿಗೆಲ್ಲ ಹೇಳಿ ಕೊನೆಗೆ ಬರದೇ ಹೋದರೆ ಯಾರಿಗೆ ಮುಖ ತೋರಿಸೋದು? ನಮ್ಮವಳು ಗಂಡನಿಗೂ ಹೇಳಿರಲಿಲ್ಲ.

ಸುಬ್ರಹ್ಮಣ್ಯದಲ್ಲಿ ಸಿಗ್ನಲ್ ಬಂತು. ಫೋನ್ ಎತ್ತಿದವಳೇ, “ಕೊಡೆ ವಿಷಯಕ್ಕೆ ಬೈಯೋಕೆ ಮಾಡಿದೆಯಾ?” ಅಂದಳು. ನಾನು ಮೊದಲು ಸ್ಲೇಟಿನ ವಿಷಯ ಹೇಳಿದೆ. ಆಮೇಲೆ ಬೈದೆ.

ನಿನ್ನ
ದೊಡ್ಡಮ್ಮ