ಅತ್ತಿಗೆಗೂ, ನಿಮ್ಮೆಲ್ರಿಗೂ

ಎಲ್ರಿಗೂ ನಮಸ್ಕಾರ. ಇಳಿಸ್ತಾ ಇಳಿಸ್ತಾ ಬಂದಿದ್ದ ಸ್ಟೆರಾಯ್ಡ್ ಮಾತ್ರೆನ ಡಾಕ್ಟ್ರು ಮೊನ್ನೆ ಪೂರ್ತಿ ನಿಲ್ಸಿದ್ರು. ಹೊಸ ಗುಳ್ಳೆ ಎದ್ದು ತಿಂಗಳುಗಳೇ ಆಯ್ತು, ಬಾಯಿ ಹುಣ್ಣೂ ಮಾಗಿದೆ. ಮೈಮೇಲೆ, ಬಾಯೊಳಗೆ ಗುಳ್ಳೆ ಎದ್ದು ಒಡೆಯೋ ಈ ಪೆಂಫಿಗಸ್ ಕಾಯಿಲೆ ಕತೆ ನಿಮ್ಗೆಲ್ಲ ಗೊತ್ತಿರೋದೇ, ಮತ್ತೆ ಹೇಳಲ್ಲ.

ಬಯಾಪ್ಸಿ ಮಾಡಿಸ್ಲೇಬೇಕು ಅಂತ ಪಟ್ಟು ಹಿಡಿದ ಹಲ್ಲಿನ ಡಾಕ್ಟ್ರು, ರಿಟುಕ್ಸಿಮ್ಯಾಬ್ ಅನ್ನೋ ಔಷಧಿ ಡ್ರಿಪ್‌ಗೆ ಬೆಂಗಳೂರಿಗೆ ಕರ್ಕೊಂಡ್ಹೋದ ತಮ್ಮ, ನನ್ನ ಕ್ಲಾಸ್‌ಗಳನ್ನ ತಗೊಂಡ ಸ್ಕೂಲಿನ ಮೇಡಮ್ಮುಗಳು, ಉಪ್ಪು ಖಾರ ಇಲ್ಲದ ಗಂಜಿ ಆರಿಸಿ ಕಳಿಸ್ತಿದ್ದ ಬಟವಾಡಿಲಿರೋ ಚಿಕ್ಕಮ್ಮ, ನಿಮ್ಗೆಲ್ಲ ಕೈ ಮುಗೀತೀನಿ.

ಅತ್ತಿಗೆ ಬಗ್ಗೆ ಮಾತ್ರ ಒಂದು ಸಾಲಲ್ಲಿ ಮುಗಿಸೋಕಾಗಲ್ಲ. ಬೆನ್ನೆಲ್ಲ ಗುಳ್ಳೆ ಒಡೆದು ಬೆಡ್‌ಶೀಟ್ ಅಂಟ್ಕೊಂಡು, ಎಳೆದ್ರೆ ಅದ್ರ ಜೊತೆ ಚರ್ಮನೂ ಬರ್ತಿದ್ದ ರಾತ್ರಿ ಅದು. ಬಾಳೆ ಎಲೆ ಮೇಲೆ ಮಲಗ್ಸಿ, ಅಂಟಲ್ಲ ಅಂತ ನರ್ಸ್ ಫೋನಲ್ಲಿ ಹೇಳಿದ್ದೇ ತಡ, ಅತ್ತಿಗೆ ಟಾರ್ಚ್ ಹಿಡ್ಕೊಂಡು ಹಿತ್ಲಿಗೆ ಹೋಗಿ ಎಲೆ ಕುಯ್ಕೊಂಡು ಬಂದು, ನಡುವಿನ ದಂಟು ಸೀಳಿ ತೆಗೆದು, ಕುದಿಸಿ ಆರಿಸಿದ ನೀರಲ್ಲಿ ತೊಳೆದು ಹಾಸಿದ್ರು. ಎಲೆ ಬಿಸಿಯಾದಂಗೆಲ್ಲ ಬದಲಾಯಿಸ್ತಾ ಬೆಳಗಿನವರ್ಗೂ ಕೂತಿದ್ರು. ನಂಗೆ ತಾಗ್ಬಾರ್ದು ಅಂತ ಕೈಬಳೆ ಬಿಚ್ಚಿಟ್ಟಿದ್ರು. ಮುತ್ತೈದೆ ಬರಿಗೈಲಿ ಇರಬಾರ್ದು ಅನ್ನೋ ಮನೆ ನಮ್ದು, ಅವತ್ತು ಅಮ್ಮನೂ ಏನೂ ಅನ್ಲಿಲ್ಲ.

ಆ ರಾತ್ರಿ ನಂಗೆ ಬದುಕೋದೇ ಬೇಡ ಅನ್ನಿಸ್ಬಿಟ್ಟಿತ್ತು. ಬಾಯಿಬಿಟ್ಟು ಹೇಳ್ದೆ ಕೂಡ. "ಬೆಳಗಾಗ್ಲಿ ಇರು ಕಣೆ, ಆಮೇಲೆ ಮಾತಾಡಣ" ಅಂದ್ರು ಅತ್ತಿಗೆ, ಅಷ್ಟೇ. ಬೆಳಗಾಯ್ತು.

ಇದು ಅಂಟು ಅಂತ ಹೆದ್ರಿ ಬಾಗಿಲಲ್ಲೇ ನಿಂತು ಮಾತಾಡ್ಸಿ ಹೋಗ್ತಿದ್ದೋರಿಗೂ ಅತ್ತಿಗೆನೇ ಬಿಡಿಸಿ ಹೇಳೋರು. ಚರ್ಮದ ಜೀವಕೋಶಗಳನ್ನ ಒಂದಕ್ಕೊಂದು ಹಿಡಿದಿಡೋ ಡೆಸ್ಮೋಗ್ಲೀನ್ ಅನ್ನೋ ಪ್ರೋಟೀನ್ ಮೇಲೆ ನಮ್ಮ ಮೈಯ ಆಂಟಿಬಾಡಿನೇ ತಿರುಗಿ ಬೀಳುತ್ತೆ, ಅದಕ್ಕೇ ಚರ್ಮ ಬಿಟ್ಕೊಂಡು ಗುಳ್ಳೆ ಏಳೋದು, ಮುಟ್ಟಿದ್ರೆ ಬರೋದಲ್ಲ ಅಂತ ಡಾಕ್ಟ್ರನ್ನ ಕೇಳಿ ತಿಳ್ಕೊಂಡಿದ್ರು. ನನ್ನ ತಟ್ಟೆ ಲೋಟ ಬೇರೆ ಇಡೋಕೆ ಯಾರಿಗೂ ಬಿಡ್ಲಿಲ್ಲ.

ಕಾಯಿಲೆ ಮತ್ತೆ ಬರ್ಬೋದು, ಡಾಕ್ಟ್ರು ಅದನ್ನ ಮುಚ್ಚಿಟ್ಟಿಲ್ಲ, ಚೆಕಪ್ ನಡೀತಾನೇ ಇರುತ್ತೆ. ಸದ್ಯಕ್ಕೆ ಹಲ್ಲುಜ್ಜಿದ್ರೆ ರಕ್ತ ಬರಲ್ಲ, ಸಾರನ್ನ ತಿಂತೀನಿ, ಬೆನ್ನು ಕೊಟ್ಟು ಮಲಗ್ತೀನಿ.

ಅತ್ತಿಗೆ, ಇದನ್ನೆಲ್ಲ ಯಾಕೆ ಬರೆದೆ ಅಂತ ಬೈತೀರ, ಗೊತ್ತು. ಬೈರಿ. ಭಾನುವಾರ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನಣ, ಚಟ್ನಿ ಎಷ್ಟು ಖಾರ ಇದ್ರೂ ಹಾಕ್ಸ್ಕೋತೀನಿ ನಾನು.